ಜರ್ಮನ್ ಕ್ಲಾಸಿಗೆ ಒಬ್ಬ ಕಡಿಮೆ

ನಮ್ಮ ಜರ್ಮನ್ ಮಾಸ್ತರರು ಜರ್ಮನಿಗೆ ಹೋಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಹೋದ ತಿಂಗಳು ಕೊಪ್ಪಳದಲ್ಲಿ ಅವರ ನೆನಪಿಗಾಗಿ ಸೇರಿದ್ದ ಸಭೆಯಲ್ಲಿ ಮಾತಾಡಿದ ನಾಲ್ವರಲ್ಲಿ ಮೂವರು ಅವರನ್ನು ಹಡಗು ಹತ್ತಿಸಿ ಕಳಿಸಿದರು. ಒಬ್ಬರು ಬರ್ಲಿನ್ನಿನಲ್ಲಿ ಎರಡು ವರ್ಷ ಇರಿಸಿದರು. ಇನ್ನೊಬ್ಬರು ಅದನ್ನು ನಾಲ್ಕಕ್ಕೆ ಏರಿಸಿ, ಅಲ್ಲಿನ ಹಿಮದಲ್ಲಿ ನಿಂತು ಅವರು ನಮ್ಮ ಸಜ್ಜಿರೊಟ್ಟಿಯ ಗುಣಗಾನ ಮಾಡಿದ್ದನ್ನು ಕಣ್ಣಾರೆ ಕಂಡವರಂತೆ ಹೇಳಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಇಂಥ ಸಭೆಯಲ್ಲಿ ನಗುವವನು ಯಾರೆಂದು ಪಕ್ಕದವರು ತಿರುಗಿ ನೋಡಿದರು. ಮಾಸ್ತರರು ಇದ್ದಿದ್ದರೆ ಅವರೂ ನಗುತ್ತಿದ್ದರು, ಮೊದಲು ಧೋತರದ ಚುಂಗನ್ನು ಬಾಯಿಗೆ ಅಡ್ಡ ಹಿಡಿದು, ಆಮೇಲೆ ಅದನ್ನೂ ಬಿಟ್ಟು.

ಹಾಗೆಂದು ನನ್ನ ನೆನಪೇ ಸತ್ಯ ಎನ್ನುವ ಧೈರ್ಯ ನನಗಿಲ್ಲ. ಇದನ್ನು ಬರೆಯಲು ಕೂತಾಗ ಹನುಮಸಾಗರದ ಈರಣ್ಣನಿಗೆ ಕಾಗದ ಹಾಕಿ ಕೇಳಿದೆ. ಅವನೂ ನಾನೂ ಮಾಸ್ತರರ ಹತ್ತಿರ ಒಟ್ಟಿಗೆ ಜರ್ಮನ್ ಕಲಿತವರು. ನಾನು ಬರೆದದ್ದರಲ್ಲಿ ಅರ್ಧ ಖರೆ, ಉಳಿದರ್ಧ ನನ್ನ ಓದಿನ ಪ್ರಭಾವ ಎಂದು ಅವನು ಉತ್ತರ ಬರೆದ. ಯಾವ ಅರ್ಧ ಯಾವುದು ಎಂದು ಮಾತ್ರ ಬರೆಯಲಿಲ್ಲ. ಮಾಸ್ತರರ ಶೆರವಾನಿ ಕಪ್ಪು ಎಂದು ನಾನು ಪ್ರಮಾಣ ಮಾಡಬಲ್ಲೆ. ಅದು ಹಸಿರು, ತೊಳೆದು ತೊಳೆದು ಕಪ್ಪಾಗಿತ್ತು ಎಂದು ಅವನು ಹೇಳುತ್ತಾನೆ. ನೂಲಿಗೆ ಬಣ್ಣ ಹಾಕುವ ಮನೆಯಲ್ಲಿ ಹುಟ್ಟಿದವನ ಜೊತೆ ಬಣ್ಣದ ವಿಷಯದಲ್ಲಿ ನಾನು ವಾದ ಮಾಡುವುದಿಲ್ಲ.

ಮಾಸ್ತರರು ಯಲಬುರ್ಗಾ ತಾಲೂಕಿನ ಒಂದು ಒಕ್ಕಲು ಮನೆಯವರು. ಹೈದರಾಬಾದಿಗೆ ಹೋದದ್ದು ರಸಾಯನಶಾಸ್ತ್ರ ಓದಲು. ಆ ಶಾಸ್ತ್ರದ ದೊಡ್ಡ ಪುಸ್ತಕಗಳು ಜರ್ಮನ್‌ನಲ್ಲಿದ್ದವು. ಅವನ್ನು ಓದಲು ಭಾಷೆ ಬೇಕಾಯಿತು. ಅದನ್ನು ಕಲಿಸಲು ಜರ್ಮನಿಯಲ್ಲಿ ಓದಿ ಬಂದಿದ್ದ ಒಬ್ಬ ಮುದಿ ಪ್ರೊಫೆಸರರು ಸಿಕ್ಕರು. ಎರಡು ವರ್ಷದಲ್ಲಿ ರಸಾಯನಶಾಸ್ತ್ರ ಎಲ್ಲಿಯೋ ಬಿಟ್ಟುಹೋಯಿತು, ಭಾಷೆ ಉಳಿಯಿತು. ಗುರುಗಳು ನಿವೃತ್ತರಾದ ಮೇಲೆ ಅದೇ ಯೂನಿವರ್ಸಿಟಿಯಲ್ಲಿ ಅದೇ ಮುರುಕು ಕುರ್ಚಿಯಲ್ಲಿ ಇವರು ಕೂತರು. ನೀವ್ಯಾಕ ಜರ್ಮನಿಗೆ ಹೋಗಲಿಲ್ಲ ಎಂದು ನಾನು ಒಮ್ಮೆ ಕೇಳಿದ್ದೆ.

"ಹೋಗಾಕ ತಯಾರ ಆಗಿದ್ನೆಪಾ. ಆ ವರ್ಷ ಮದಿವಿ ಆತು. ಮುಂದಿನ ವರ್ಷ ಹೋಗೂಣಂದ್ರ ಕೂಸು ಹುಟ್ಟಿತು. ಅದರ ಮುಂದಿನ ವರ್ಷ ಬಾವಿ ತಗಸೂದಿತ್ತು. ಇರಲಿ ಬಿಡು, ಜರ್ಮನಿ ಎಲ್ಲಿಗಿ ಹೋಗತೈತಿ" ಅಂದರು.

ಆ ಯೂನಿವರ್ಸಿಟಿಯಲ್ಲಿ ಎಲ್ಲ ಪಾಠವೂ ಉರ್ದುವಿನಲ್ಲಿ. ಜರ್ಮನ್ ಕೂಡ ಉರ್ದುವಿನಲ್ಲಿಯೇ. ಇದ್ದ ಒಂದೇ ಶಬ್ದಕೋಶ ಜರ್ಮನ್‌ನಿಂದ ಇಂಗ್ಲಿಷಿಗೆ. ಮಾಸ್ತರರು ಒಂದು ಶಬ್ದವನ್ನು ಜರ್ಮನ್‌ನಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಹುಡುಕಿ, ಉರ್ದುವಿನಲ್ಲಿ ವಿವರಿಸಿ, ಕೊನೆಗೆ ನಮ್ಮ ಬೆಂಚಿನ ಹತ್ತಿರ ಬಂದು ಮೆಲ್ಲಗೆ ಕನ್ನಡದಲ್ಲಿ "ಅಂದ್ರ ನಮ್ಮ ಕಡಿ ಮಾಳಿಗಿ ಅಂಚಿಗಿ ಕುಂಬಿ ಇರತೈತೆಲ್ಲ, ಅದು" ಎನ್ನುತ್ತಿದ್ದರು. ಒಂದು ಶಬ್ದ ನಮ್ಮನ್ನು ಮುಟ್ಟುವಷ್ಟರಲ್ಲಿ ನಾಲ್ಕು ಊರಿನ ನೀರು ಕುಡಿದಿರುತ್ತಿತ್ತು. ಬರಿ ಭಾಷೆಯಲ್ಲ, ಆ ಜನ ಬದುಕುವ ರೀತಿಯೂ ಗೊತ್ತಾಗಬೇಕು ಎಂಬುದು ಅವರ ಹಟ. ಡಿಸೆಂಬರಿನಲ್ಲಿ ಜರ್ಮನರು ಮನೆಯೊಳಗೆ ಮರ ತಂದು ನಿಲ್ಲಿಸಿ ದೀಪ ಹಚ್ಚುತ್ತಾರೆ ಎಂದು ವರ್ಣಿಸಿದ್ದನ್ನು ಕೇಳಿ ಮಾಸ್ತರರ ಹೆಂಡತಿ, ಮರದ ಕೆಳಗೆ ದೀಪ ಹಚ್ಚುವುದು ಗೊತ್ತು, ಮರವನ್ನೇ ಒಳಗೆ ತಂದರೆ ಕಸ ಬಳಿಯುವವರು ಯಾರು ಎಂದು ಕೇಳಿದ್ದರಂತೆ. ಇದನ್ನೂ ಅವರು ಕ್ಲಾಸಿನಲ್ಲಿ ಪಾಠದ ಭಾಗವಾಗಿಯೇ ಹೇಳಿದರು, ಹೆಂಡತಿಯ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲ ಎಂದೂ ಸೇರಿಸಿದರು.

ಜರ್ಮನರು ಬೆರಳೆಣಿಸುವಾಗ ಹೆಬ್ಬೆರಳಿನಿಂದ ಶುರು ಮಾಡುತ್ತಾರೆಂದು ಎಲ್ಲಿಯೋ ಓದಿ ಮಾಸ್ತರರೂ ಅದನ್ನೇ ರೂಢಿ ಮಾಡಿಕೊಂಡಿದ್ದರು. ಗಂಗಾವತಿ ಪೇಟೆಯಲ್ಲಿ ಅಕ್ಕಿ ಅಂಗಡಿಯವನಿಗೆ ಎರಡು ಸೇರು ಎಂದು ಹೆಬ್ಬೆರಳು ತೋರುಬೆರಳು ಎತ್ತಿದರೆ, ಅವನು ಮಾದರಿ ನೋಡಲು ಚಿಟಿಕೆ ಅಕ್ಕಿ ಕೇಳುತ್ತಿದ್ದಾರೆಂದು ತಿಳಿದು ಚಿಟಿಕೆ ಅಕ್ಕಿ ಅವರ ಅಂಗೈಗೆ ಹಾಕಿದ. ಇವರು ಮತ್ತೆ ಎರಡು ಬೆರಳು ಎತ್ತಿದರು. ಅವನು ಬೇರೆ ಚೀಲದಿಂದ ಇನ್ನೊಂದು ಚಿಟಿಕೆ ಹಾಕಿದ. ನಾಲ್ಕು ಚೀಲದ ಅಕ್ಕಿ ತಿಂದು ನೋಡಿದ ಮೇಲೆ ಮಾಸ್ತರರು ಬಾಯಿಬಿಟ್ಟು ಕೇಳಿದರು.

ರಜೆಯಲ್ಲಿ ನಮ್ಮ ಕಡೆಯ ಹುಡುಗರನ್ನು ಕರೆದುಕೊಂಡು ಹೊಳೆ ದಾಟಿ ವಿರೂಪಾಪುರಗಡ್ಡೆಗೆ ಹೋಗುತ್ತಿದ್ದರು. ಹರಗೋಲು ದಂಡೆ ಬಿಟ್ಟಾಗಿನಿಂದ ಆಚೆ ದಂಡೆ ಮುಟ್ಟುವವರೆಗೆ ಜರ್ಮನ್ ಬಿಟ್ಟು ಬೇರೆ ಮಾತಿಲ್ಲ ಎಂಬುದು ನಿಯಮ. ಹರಗೋಲು ಸುತ್ತುತ್ತಿತ್ತು, ನಮ್ಮ ವಾಕ್ಯಗಳೂ ಸುತ್ತುತ್ತಿದ್ದವು. ಮೂರನೆಯ ಸಲ ಹೋದಾಗ ನಾವು ದಡದಲ್ಲಿ ಕಾಣುತ್ತಲೇ ಅಂಬಿಗ "ಗೂಟನ್ ಮಾರ್ಗನ್, ಬರ್ರಿ" ಎಂದು ಜರ್ಮನ್‌ನಲ್ಲೇ ಬೆಳಗಿನ ನಮಸ್ಕಾರ ಹೇಳಿದ. ನಮ್ಮೆಲ್ಲರಿಗಿಂತ ಅವನ ಉಚ್ಚಾರ ಛಲೋ ಐತಿ ಎಂದು ಮಾಸ್ತರರು ಎರಡು ದಿನ ಹೇಳಿಕೊಂಡು ತಿರುಗಿದರು.

ನನ್ನ ವಿಷಯದಲ್ಲಿ ಅವರಿಗೊಂದು ತಕರಾರಿತ್ತು. ನಾನು ಎಲ್ಲವನ್ನೂ ಸಂಶಯಿಸುತ್ತಿದ್ದೆ. ಪುಸ್ತಕದಲ್ಲಿ ಬರೆದದ್ದನ್ನು, ಬರೆದವನನ್ನು, ಅಚ್ಚು ಹಾಕಿದವನನ್ನು. "ಅನುಮಾನ ಮಾಡು, ಬ್ಯಾಡ ಅನ್ನೂದಿಲ್ಲ. ಆದ್ರ ಓದಿ ಮುಗಿಸಿದ ಮ್ಯಾಲ ಮಾಡು. ನೀ ಓದೂಕಿಂತ ಮೊದಲ ಮಾಡತಿ" ಎನ್ನುತ್ತಿದ್ದರು. ಆಗ ಅದನ್ನು ನಾನು ಹೊಗಳಿಕೆ ಎಂದುಕೊಂಡಿದ್ದೆ.

ಎರಡನೆಯ ಮಹಾಯುದ್ಧಕ್ಕೆ ಎರಡು ವರ್ಷ ಮೊದಲಿನ ಬೇಸಿಗೆ. ಬರುವ ಓದಿನ ವರ್ಷಕ್ಕೆ ಜರ್ಮನ್ ತೆಗೆದುಕೊಳ್ಳುವವರು ಹಳಬರು ಹೊಸಬರು ಸೇರಿ ಆರು ಜನ ಇಲ್ಲದಿದ್ದರೆ ಆ ಕ್ಲಾಸನ್ನು ಮುಚ್ಚಿ, ಮಾಸ್ತರರನ್ನು ತರ್ಜುಮೆಯ ಖಾತೆಗೆ ಹಾಕುವುದೆಂದು ನಿರ್ಧಾರವಾಗಿತ್ತು. ಅಲ್ಲಿ ಅವರು ದಿನವಿಡೀ ಕಾನೂನು ಕಾಯಿದೆಗಳನ್ನು ಇಂಗ್ಲಿಷಿನಿಂದ ಉರ್ದುವಿಗೆ ತಿರುಗಿಸಬೇಕು. ಅದು ಅವರಿಗೆ ಬಾರದ ಕೆಲಸವೇನೂ ಆಗಿರಲಿಲ್ಲ. ಆದರೆ ಆ ಮಾತು ಬಂದಾಗಲೆಲ್ಲ ಅವರ ಮುಖ, ಹಬ್ಬದ ದಿನ ಜ್ವರ ಬಂದ ಮಗುವಿನ ಮುಖದಂತೆ ಆಗುತ್ತಿತ್ತು. ಹೈದರಾಬಾದಿನ ಇಬ್ಬರು ಹೆಸರು ಕೊಟ್ಟಿದ್ದರು. ನಾನು, ಗಂಗಾವತಿಯ ಒಬ್ಬ, ಕೊಪ್ಪಳದ ಒಬ್ಬ ಸೇರಿ ಐದಾಗಿತ್ತು. ಆರನೆಯವನಿಗಾಗಿ ಮಾಸ್ತರರು ಕೊಡೆ ಹಿಡಿದು ಊರೂರು ತಿರುಗಿದರು, ನಾನು ಅವರ ಚೀಲ ಹಿಡಿದು ಹಿಂದೆ.

ಕನ್ಯೆ ನೋಡಲು ಹೋದಂತೆಯೇ ಅದು. ಕಟ್ಟೆಯ ಮೇಲೆ ಕೂರಿಸಿ, ನೀರು ಕೊಟ್ಟು, ಒಗ್ಗರಣಿ ಮಂಡಕ್ಕಿ ಇಟ್ಟು, ಮನೆಯ ಹಿರಿಯರು ಬಂದು ಗಂಟಲು ಸರಿ ಮಾಡಿಕೊಳ್ಳುತ್ತಿದ್ದರು. ಕುಷ್ಟಗಿಯಲ್ಲಿ ಒಬ್ಬ ಅಡತಿ ವ್ಯಾಪಾರಿ, ಉರ್ದು ಬಂದರೆ ತಹಶೀಲ ಕಚೇರಿಯಲ್ಲಿ ನೌಕರಿ ಸಿಗತೈತಿ, ಜರ್ಮನ್ ಬಂದರೆ ಏನು ಸಿಗತೈತಿ ಎಂದು ಕೇಳಿದ. ಬೇರೆ ಯಾರೇ ಆಗಿದ್ದರೂ ಏನಾದರೊಂದು ಹೇಳುತ್ತಿದ್ದರು. ಮಾಸ್ತರರು, "ಏನೂ ಸಿಗೂದಿಲ್ರಿ. ನನಗರ ಇನ್ನೂ ಏನೂ ಸಿಕ್ಕಿಲ್ಲ" ಅಂದರು. ಮಂಡಕ್ಕಿ ತಿಂದು ನಾವು ಎದ್ದು ಬಂದೆವು. ಹೊರಗೆ ಬಂದ ಮೇಲೆ ನಾನು ಸಿಟ್ಟಾದೆ. ಅವರು ಮಾತ್ರ, ಮಂಡಕ್ಕಿ ಭಾಳ ಛಲೋ ಆಗಿತ್ತು ಅಂದರು.

ಹೀಗೆ ಕೊನೆಗೆ ಹನುಮಸಾಗರ ಮುಟ್ಟಿದೆವು. ಈರಣ್ಣನ ಮನೆಯವರು ನೇಕಾರರಿಗೆ ನೂಲಿಗೆ ಬಣ್ಣ ಹಾಕಿಕೊಡುವವರು. ಈರಣ್ಣ ಇಂಟರ್ ಪಾಸಾಗಿದ್ದ, ಮುಂದೆ ಓದುವ ಆಸೆಯೂ ಇತ್ತು. ಅಪ್ಪ ಮಾತ್ರ ಅವನನ್ನು ಬಣ್ಣದ ಹಂಡೆಯ ಮುಂದೆ ಕೂರಿಸಲು ತಯಾರಾಗಿದ್ದ. ಆ ಯಜಮಾನ ನಮ್ಮ ಮಾತನ್ನೆಲ್ಲ ಕೇಳಿ, ಒಳಗೆ ಹೋಗಿ, ಎರಡು ತಗಡಿನ ಡಬ್ಬಿ ಮತ್ತು ಮಡಿಚಿದ ಒಂದು ಚೀಟಿ ತಂದು ಮಾಸ್ತರರ ಮುಂದೆ ಇಟ್ಟ. ಹಿಂದಿನ ವರ್ಷ ಸೊಲ್ಲಾಪುರದಿಂದ ತಂದ ಜರ್ಮನ್ ಬಣ್ಣ. ಅವರು ಹಿಂದಿನಿಂದ ಹಾಕುತ್ತಿದ್ದ ಕೆಂಪು, ತೊಳೆದಾಗ ಸೀರೆಯ ಬಿಳಿ ಎಳೆಗೆ ಇಳಿಯುತ್ತಿತ್ತು, ನೇಕಾರರಿಂದ ಬೈಗುಳ ಬರುತ್ತಿತ್ತು. ಈ ಕೆಂಪು ಇಳಿಯುವುದಿಲ್ಲವೆಂದು ಮಾರಿದವನು ಹೇಳಿದ್ದ. ಎರಡೂ ಡಬ್ಬಿಯ ಪುಡಿ ಕೂಡಿಸಿ ಕುದಿಸಿದರೆ ಬಣ್ಣವೇ ಹತ್ತಲಿಲ್ಲ. ಹೇಗೆ ಮಾಡಬೇಕೆಂದು ಬರೆದ ಚೀಟಿ ಬರಿ ಜರ್ಮನ್‌ನಲ್ಲಿತ್ತು.

"ಇದನ್ನ ಓದಿ ಕೆಂಪು ಹತ್ತಿಸಿ ತೋರಸ್ರಿ ಮಾಸ್ತರ್ರ" ಅಂದ ಯಜಮಾನ. "ಬಿಳಿ ನೂಲಿಗಿ ಇಳೀಬಾರ್ದು. ಹಂಗಾತಂದ್ರ ಇವನ್ನ ಕರಕೊಂಡು ಹೋಗ್ರಿ. ಇಲ್ಲಂದ್ರ ಇವ ನಾಳಿಂದ ಹಂಡೇದ ಮುಂದ."

ಮಾಸ್ತರರು ಚೀಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಈರಣ್ಣನ ಮನೆಯ ಬೇವಿನ ಮರದ ಕೆಳಗೆ ಕೂತು ನಾವಿಬ್ಬರೂ ಇಡೀ ಒಂದು ದಿನ ಅದನ್ನು ಓದಿದೆವು. ಮೊದಲ ಭಾಗದಲ್ಲಿ ಕಂಪನಿಯವರು ತಮ್ಮ ಬಣ್ಣವನ್ನು ಹೊಗಳಿಕೊಂಡಿದ್ದರು. ಮಾಸ್ತರರು ಅದನ್ನೂ ಬಿಡದೆ ಯಜಮಾನನಿಗೆ ಕನ್ನಡ ಮಾಡಿ ಹೇಳಿದರು. ಅವನು ಹೂಂ ಹೂಂ ಎಂದು ಕೇಳಿ, ಹಲಗಿ ಬಾರಿಸಿದ್ದು ಸಾಕು, ಬಣ್ಣಕ್ಕ ಬರ್ರಿ ಅಂದ. ಬಂದಾಗ ತಿಳಿದದ್ದು ಇಷ್ಟು: ಎರಡು ಡಬ್ಬಿ ಕೂಡಿಸಬಾರದು. ಮೊದಲನೆಯದನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ಕರಗಿಸಿ ನೂಲನ್ನು ಅದ್ದಿ ಹಿಂಡಬೇಕು. ಬಿಸಿಲು ತಾಗಿಸದೆ ಎರಡನೆಯದರ ನೀರಿನಲ್ಲಿ ಅದ್ದಬೇಕು. ಆ ಎರಡನೆಯ ನೀರು ತಣ್ಣಗಿರಬೇಕು.

ಅಲ್ಲಿ ನಿಂತೆವು. ಈರಣ್ಣನ ಅಜ್ಜಿ ಆ ಮನೆಯ ನಿಜವಾದ ಯಜಮಾನಿ. ನೀರಿಗೆ ಬೆರಳಿಟ್ಟು ಹದ ಹೇಳುವವಳು. ಅವಳು ನಕ್ಕಳು.

"ತಣ್ಣೀರಾಗ ಬಣ್ಣ ಹತ್ತತೈತೇನೋ ತಮ್ಮಾ? ತಣ್ಣೀರಾಗ ಮಾರಿ ತೊಳ್ಕೋತಾರ."

ಈಗ ನನ್ನ ನೆನಪು ಹೀಗೆ ಹೇಳುತ್ತದೆ: ಅಚ್ಚಿನ ತಪ್ಪು ಇರಬಹುದೇನೋ ಎಂದು ಮಾಸ್ತರರೇ ಅಂದರು. ಇಷ್ಟು ವರ್ಷ ನಾನು ಹಾಗೆಯೇ ನಂಬಿದ್ದೆ, ಒಂದೆರಡು ಕಡೆ ಹೇಳಿಯೂ ಇದ್ದೆ. ಈರಣ್ಣನ ಕಾಗದದಲ್ಲಿ ಬೇರೆ ಇದೆ. "ಅಚ್ಚಿನ ತಪ್ಪು ಅಂದವ ನೀನು. ಅಜ್ಜಿ ನಿನ್ನ ಬೆನ್ನು ಚಪ್ಪರಿಸಿ, ಈ ಹುಡುಗ ಶ್ಯಾಣ್ಯಾ ಅದಾನ ಅಂದ್ಲು. ಅದಕ್ಕ ನಿನಗ ಇನ್ನಷ್ಟು ಉಬ್ಬು ಬಂತು." ಓದಿದ ಕೂಡಲೇ ಬೆನ್ನಿನ ಮೇಲೆ ಆ ಮುದುಕಿಯ ಅಂಗೈ ಬಿದ್ದಂತಾಯಿತು. ಈರಣ್ಣ ಬರೆದದ್ದೇ ಖರೆ ಇರಬೇಕು. ನೂಲು ಕುದಿಯದೆ ಬಣ್ಣ ಹಿಡಿದದ್ದನ್ನು ಯಾರೂ ಕಂಡಿಲ್ಲ, ಪುಸ್ತಕದಲ್ಲಿ ತಪ್ಪುಗಳು ಬೇಕಾದಷ್ಟು ಇರುತ್ತವೆ ಎಂದು ನಾನು ವಾದಿಸಿದೆ. ಮಾಸ್ತರರು ಚೀಟಿಯನ್ನು ನೋಡಿದರು, ನನ್ನನ್ನು ನೋಡಿದರು, ಅಜ್ಜಿಯನ್ನು ನೋಡಿದರು. ಆಮೇಲೆ ಚೀಟಿ ಮಡಿಚಿ, ನೀರು ಕಾಸ್ರಿ ಹಂಗಾರ ಅಂದರು.

ಎರಡನೆಯ ಪುಡಿ ಬಿಸಿನೀರಿಗೆ ಬಿದ್ದದ್ದೇ ನೊರೆ ಎದ್ದಿತು, ಒಂದು ಕೆಟ್ಟ ವಾಸನೆಯೂ ಎದ್ದಿತು. ಮೊದಲ ನೀರಿನಲ್ಲಿ ಹಳದಿಯಾಗಿದ್ದ ನೂಲಿನ ಲಡಿ ಎಮ್ಮೆ ಹೊರಳಿದ ಹೊಂಡದ ಬಣ್ಣಕ್ಕೆ ತಿರುಗಿತು. ನೋಡಲು ನಿಂತಿದ್ದ ಓಣಿಯ ಜನ ಒಬ್ಬೊಬ್ಬರೇ ಸರಿದರು. ಯಜಮಾನ ಬಯ್ಯಲಿಲ್ಲ. ಲಡಿಯನ್ನು ಕೋಲಿನಿಂದ ಎತ್ತಿ ನೋಡಿ ಕೆಳಗೆ ಬಿಟ್ಟ.

"ಚೀಟಿಯಾಗ ಕಾಸಂತ ಇತ್ತೇನ್ರಿ?"

"ಇಲ್ರಿ. ತಣ್ಣಗಂತ ಇತ್ತು" ಅಂದರು ಮಾಸ್ತರರು. "ನಾ ಓದಿದ್ದನ್ನ ನಾನ ನಂಬಲಿಲ್ಲ. ತಪ್ಪು ನಂದು."

ನನ್ನ ಕಡೆ ಅವರು ತಿರುಗಲೂ ಇಲ್ಲ. ಎಂಥೆಂಥ ಪಂಡಿತರ ಪಾಠ ನಾನು ಕೇಳಿದ್ದೇನೆ. ಓದಿ ಮುಗಿಸುವವರೆಗೆ ಸಂಶಯವನ್ನು ಬಾಯಿಂದ ಹೊರಗೆ ಬಿಡಬಾರದೆಂದು ನಾನು ಕಲಿತದ್ದು ಆ ನಾಲ್ಕು ಮಾತಿನಲ್ಲಿ. ಪೂರ್ತಿ ಕಲಿತೆನೆಂದು ಹೇಳಲಾರೆ.

ಡಬ್ಬಿಗಳಲ್ಲಿ ಇನ್ನೊಂದು ಸಲಕ್ಕಾಗುವಷ್ಟು ಪುಡಿ ಇತ್ತು. ಇನ್ನೊಮ್ಮೆ ಮಾಡೋಣವೇ ಎಂದು ಮಾಸ್ತರರು ಕೇಳಿದಾಗ ಯಜಮಾನ ಅಜ್ಜಿಯ ಕಡೆ ನೋಡಿದ. ಬಾಯಿ ತೆರೆದವಳು ಅಜ್ಜಿ. ತಣ್ಣಗ ಅಂದರೆ ಎಷ್ಟು ತಣ್ಣಗ ಎಂದು ಕೇಳಿದಳು. ಹೊಂಡದ ನೀರೇ, ಮಣ್ಣಿನ ಹರವಿ ನೀರೇ, ಚಳಿಗಾಲದ ಬಾವಿ ನೀರೇ? ಮಾಸ್ತರರು ಚೀಟಿ ಬಿಚ್ಚಿ ಮತ್ತೆ ಓದಿ, ಆಲಿಕಲ್ಲು ಕರಗಿದರೆ ಇರುವಷ್ಟು ಅಂದರು. ಮೇ ತಿಂಗಳ ಹನುಮಸಾಗರದಲ್ಲಿ ಆಲಿಕಲ್ಲು. ಅಜ್ಜಿ ಒಂದು ಕ್ಷಣ ಆಕಾಶ ನೋಡಿದಳು, ಆಮೇಲೆ ಸೊಸೆಯರನ್ನು ಓಣಿಗೆ ಅಟ್ಟಿದಳು. ಸಂಜೆಯಾಗುವಷ್ಟರಲ್ಲಿ ಓಣಿಯ ಹರವಿಗಳೆಲ್ಲ ಆ ಮನೆಯ ಮಾಳಿಗೆಯ ಮೇಲೆ ಸಾಲಾಗಿ ಕೂತವು, ನೀರು ತಣ್ಣಗಾಗಲೆಂದು ಹಸಿ ಗೋಣಿತಟ್ಟು ಹೊದ್ದುಕೊಂಡು, ಗಾಳಿಗೆ ಮುಖ ಮಾಡಿ. ಜರ್ಮನ್ನರಿಗಿ ಮದಿವಿ ಐತಂತ, ನಮ್ಮ ಹರವಿ ಒಯ್ದಾರ ಎಂದು ಒಬ್ಬಾಕೆ ಚಾಷ್ಟಿ ಮಾಡಿದ್ದು ಈರಣ್ಣನಿಗೆ ನೆನಪಿದೆ. ನನಗಿಲ್ಲ, ಆದರೆ ಅದನ್ನು ಬಿಡಲು ಮನಸ್ಸಾಗುವುದಿಲ್ಲ.

ಮರುದಿನ ಸೂರ್ಯ ಹುಟ್ಟುವ ಮೊದಲು ಎಲ್ಲರೂ ಸೇರಿದೆವು. ಹರವಿಯ ನೀರಿಗೆ ಕೈ ಅದ್ದಿದ ಅಜ್ಜಿ ತಟ್ಟನೆ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಆ ಮನೆಯಲ್ಲಿ ಬಿಸಿನೀರಿನಿಂದಲೂ ಹಾಗೆ ಕೈ ತೆಗೆದವಳಲ್ಲ. ಎರಡನೆಯ ಪುಡಿಯನ್ನು ಆ ನೀರಿನಲ್ಲಿ ಕರಗಿಸಿದರು. ಮೊದಲ ನೀರಿನಿಂದ ಹಿಂಡಿ ತೆಗೆದ ಹಳದಿ ಲಡಿಯನ್ನು ಈರಣ್ಣ ಕೋಲಿಗೆ ಹಾಕಿಕೊಂಡು ನಿಂತ. ಮೊದಲ ನೀರು ಕಾಸಿದ ಒಲೆಯನ್ನು ಆರಿಸಿದ್ದರು, ಹೊಗೆಯೂ ಇಲ್ಲ. ಬಣ್ಣದ ಮನೆಯೋ ಪೂಜೆಯ ಕೋಣೆಯೋ ಎಂಬಷ್ಟು ಸದ್ದಿಲ್ಲ. ಅವನು ಅದ್ದಿದ.

ನೀರು ಮುಟ್ಟಿದ ಕಡೆಯಿಂದ ಕೆಂಪು ಶುರುವಾಯಿತು. ನಿಧಾನಕ್ಕೆ ಹತ್ತಿದ ಕೆಂಪಲ್ಲ. ನೋಡುತ್ತಿರುವಾಗಲೇ ಎಳೆ ಎಳೆಗೂ ಓಡಿದ ಕೆಂಪು. ಮೆಣಸಿನಕಾಯಿಯ ಕಣದ ಮೇಲೆ ಬಿಸಿಲು ಬಿದ್ದಂತೆ. ಮಾಸ್ತರರು ತೋಳನ್ನೂ ಮಡಿಚಿಕೊಳ್ಳದೆ ಎರಡೂ ಕೈ ನೀರಿಗೆ ಹಾಕಿ ಲಡಿಯನ್ನು ಎತ್ತಿದರು. ಅಂಗಿಯ ತುದಿಯಿಂದ ಕೆಂಪು ಹನಿ ಬೀಳುತ್ತಿತ್ತು. ಅಜ್ಜಿಗೆ ಅಷ್ಟು ಸಾಲದು. ಒಲೆ ಮತ್ತೆ ಹಚ್ಚಿಸಿ, ಕೆಂಪು ಲಡಿಗೆ ಬಿಳಿ ಲಡಿ ಕಟ್ಟಿ, ಅಂಟುವಾಳದ ಕುದಿಯುವ ನೀರಿನಲ್ಲಿ ಹಾಕಿ ತಿಕ್ಕಿ ತಿಕ್ಕಿ ಹಿಂಡಿದಳು. ಮೊದಲ ಸಲ ತೊಳೆದಾಗ ಅಂಟಿಕೊಂಡಿದ್ದ ಪುಡಿ ಸ್ವಲ್ಪ ಹೋಯಿತು. ಎರಡನೆಯ ಸಲ ತೊಳೆದ ನೀರು ತಿಳಿಯಾಗಿತ್ತು. ಬಿಳಿ ನೂಲು ಬಿಳಿಯೇ ಉಳಿದಿತ್ತು.

ಯಜಮಾನ ಆ ಬಿಳಿ ನೂಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಅವನು ಮಾತಿಗೆ ತಪ್ಪುವವನಲ್ಲ. ಆದರೆ ಈ ಕೆಂಪು ಬಂದ ಮೇಲೆ ಮನೆಯಲ್ಲಿ ಕೆಲಸ ಹೆಚ್ಚುತ್ತದೆ, ಮಗನೂ ಬೇಕಾಗುತ್ತಾನೆ ಎಂಬ ಲೆಕ್ಕ ಅವನ ಮುಖದಲ್ಲಿ ಕಾಣುತ್ತಿತ್ತು. ಈ ವರ್ಷ ಒಂದು ಬಿಟ್ಟು ಎಂದು ರಾಗ ತೆಗೆದ.

"ಏನ್ ಈ ವರ್ಷ?" ಅಂದಳು ಅಜ್ಜಿ. "ಮುಂದಿನ ಡಬ್ಬಿಯೊಳಗ ಬ್ಯಾರೆ ಚೀಟಿ ಬಂದ್ರ ಈ ಮಾಸ್ತರನ್ನ ಎಲ್ಲಿ ಹುಡಕ್ಕೋತ ಹೋಗತಿ? ಮನಿಯಾಗ ಒಬ್ಬಾಂವ ಓದಾಂವ ಇರಲಿ. ಕರಕೊಂಡು ಹೋಗ್ರಿ ಇವನ್ನ."

ಆರು ಜನ ಆದೆವು. ಕ್ಲಾಸು ನಡೆಯಿತು. ಯುದ್ಧ ಶುರುವಾದ ಮೇಲೆ ಅದು ನಿಂತಿತು, ಡಬ್ಬಿಗಳೂ ನಿಂತವು, ಮಾಸ್ತರರು ಕೊಪ್ಪಳದ ಶಾಲೆಯಲ್ಲಿ ಗಣಿತ ಕಲಿಸಿದರು, ಅದನ್ನೂ ನಗುನಗುತ್ತಲೇ. ಆ ಎರಡು ವರ್ಷ ನಾವು ಕಲಿತದ್ದರಿಂದ ನಮಗೆ ಏನು ಸಿಕ್ಕಿತು ಎಂದು ಯಾರಾದರೂ ಕೇಳಿದರೆ ನನಗೆ ಉತ್ತರ ತೋಚುವುದಿಲ್ಲ. ಈರಣ್ಣನಿಗೆ ತೋಚುತ್ತದೆ. ಅವನು ಇಂದಿಗೂ ಎರಡನೆಯ ನೀರನ್ನು ಮಾಳಿಗೆಯ ಮೇಲೆ ಇಡುತ್ತಾನೆ.

ನನಗೆ ಮಾತ್ರ ಮಾಸ್ತರರೆಂದರೆ, ಕೆಂಪು ಹತ್ತಿದ ಆ ದಿನ ಮಧ್ಯಾಹ್ನ ಹನುಮಸಾಗರದಿಂದ ಕುಷ್ಟಗಿಗೆ ಹೊರಟ ಚಕ್ಕಡಿ. ಈರಣ್ಣ ಬಟ್ಟೆಬರೆ ಹೊಂದಿಸಲು ಊರಲ್ಲೇ ಉಳಿದಿದ್ದ. ಗಾಡಿ ಹೊಡೆಯುವವನು ನಸುಕಿನಿಂದ ನೀರು ಹೊತ್ತು ದಣಿದು, ಹಿಂದೆ ನೂಲಿನ ಗಂಟಿಗೆ ಒರಗಿ ನಿದ್ದೆ ಹೋಗಿದ್ದ. ಹಗ್ಗ ಮಾಸ್ತರರ ಕೈಯಲ್ಲಿತ್ತು. ಮೊಳಕೈವರೆಗೆ ಕೆಂಪಾದ ಕೈ. ಹಾಗಾಗಿ ಮುಂದಿನ ಮಾತಿಗೆ ನನ್ನನ್ನು ಬಿಟ್ಟರೆ ಸಾಕ್ಷಿ ಇಲ್ಲ, ಈರಣ್ಣನನ್ನು ಕೇಳಿ ಖಚಿತ ಮಾಡಿಕೊಳ್ಳುವಂತೆಯೂ ಇಲ್ಲ.

ಚೀಟಿಯಲ್ಲಿ ತಣ್ಣಗೆ ಎಂದು ಅಷ್ಟು ಸ್ಪಷ್ಟವಾಗಿ ಇದ್ದಾಗ ನನ್ನ ಮಾತು ಯಾಕೆ ಕೇಳಿದಿರಿ ಎಂದು ನಾನು ಕೇಳಿದೆ. ಅವರು ಹಗ್ಗವನ್ನು ಸಡಿಲ ಬಿಟ್ಟರು.

"ಹನ್ನೆರಡು ವರ್ಷ ಆತು ತಮ್ಮಾ ನಾ ಈ ಭಾಷಾ ಕಲಸಾಕ ಹತ್ತಿ. ಆ ಊರು ನೋಡಿಲ್ಲ, ನದಿ ನೋಡಿಲ್ಲ. ನಮ್ಮ ಸರ್ರು ಹೇಳಿದ್ರು, ನಾ ನಿಮಗ ಹೇಳಿದೆ. ಎಲ್ಲಾ ಯಾರೋ ಕೂತು ಕಟ್ಟಿದ್ದಿರಬಹುದು ಅಂತ ನನಗೂ ಒಮ್ಮೊಮ್ಮೆ ಅನಸ್ತಿತ್ತು. ನೀ ಬಾಯಿ ಬಿಟ್ಟು ಅಂದಿ, ನಾ ಒಳಗ ಇಟಗೊಂಡಿದ್ದೆ." ಅವರು ಕೈಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. "ಇವತ್ತು ಅಲ್ಯಾವನೋ ತಣ್ಣಗ ಇಡ್ರಿ ಅಂದ. ಇಲ್ಲಿ ನಾವು ತಣ್ಣಗ ಇಟ್ವಿ. ನೂಲು ಕೆಂಪಾತು. ಅಂದ್ರ ಐತಿ ನೋಡು ಆ ದೇಶ."

ಆಮೇಲೆ ಕುಷ್ಟಗಿ ಮುಟ್ಟುವವರೆಗೆ ನನ್ನ ಜೊತೆ ಮಾತಿಲ್ಲ. ಎತ್ತುಗಳ ಜೊತೆ ಮಾತಾಡಿದರು, ಬಲಕ್ಕೆ ಎಡಕ್ಕೆ, ಸಾವಕಾಶ, ಇನ್ನು ಸ್ವಲ್ಪವೇ ದೂರ, ಎಲ್ಲವನ್ನೂ ಜರ್ಮನ್‌ನಲ್ಲಿ. ಎತ್ತುಗಳು ನಡೆದವು.